ಇಪ್ಪತ್ತು ಅಕ್ಷರದ ಕಾರಣ

ನನ್ನ ಅತ್ತಿಗೆಗೆ ಕೋಪವೇ ಬರುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ನಂಬಿದ್ದರು. ಹಾಗೆ ನಂಬಿದವರು ಯಾರೂ ಅವರ ಜೊತೆ ಒಂದೇ ಮನೆಯಲ್ಲಿ ಬಾಳಿದವರಲ್ಲ. ನಾನು ಒಂಬತ್ತು ವರ್ಷದಿಂದ ಬಾಳುತ್ತಿದ್ದೇನೆ. ಮದುವೆ ಮುರಿದುಕೊಂಡು ಅಣ್ಣನ ಮನೆಗೆ ಬಂದ ನನಗೆ ಹಿಂದಿನ ಕೋಣೆ ಬಿಟ್ಟುಕೊಟ್ಟವರು ಅವರು, ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಕೊಡಿಸಿದವರೂ ಅವರೇ. ಅವರಿಗೂ ಕೋಪ ಬರುತ್ತದೆ. ಬಂದದ್ದು ಹೋಗುವುದಿಲ್ಲ, ಅಷ್ಟೇ.

ಅವರ ಕೆಲಸ ಆಸ್ಪತ್ರೆಯ ಸರ್ವರ್‌ಗಳನ್ನು ಕಾಯುವುದು. ಚೀಟಿ ಕೊಡುವ ಸರ್ವರ್, ಔಷಧಿಯ ಸರ್ವರ್, ನಮ್ಮ ಲ್ಯಾಬ್ ವರದಿಗಳ ಸರ್ವರ್, ಹೀಗೆ ಇಪ್ಪತ್ತಾರು. ಲ್ಯಾಬಿನ ಗೋಡೆಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ, ಮೇಜಿನ ಕೆಳಗೆ ಒಂದು ಹಳೇ ಕಂಪ್ಯೂಟರ್ ಇಟ್ಟುಕೊಂಡು, ಹನ್ನೊಂದು ವರ್ಷ ಕೂತು ತಾವೇ ಒಂದು ಕಾವಲು ವ್ಯವಸ್ಥೆ ಕಟ್ಟಿದ್ದರು. ಅದು ನಿಮಿಷಕ್ಕೊಮ್ಮೆ ಪ್ರತಿ ಸರ್ವರನ್ನೂ ಮಾತಾಡಿಸುತ್ತದೆ. ಏನಾದರೂ ಎಡವಟ್ಟಾದರೆ ಕೋಣೆಯಲ್ಲಿ ಗಂಟೆ ಹೊಡೆಯುತ್ತದೆ. ಐದು ನಿಮಿಷ ಯಾರೂ ಓಗೊಡದಿದ್ದರೆ ಅತ್ತಿಗೆಯ ಫೋನಿಗೆ ಎಚ್ಚರಿಕೆ ಬರುತ್ತದೆ. ಗಂಟೆಯ ಬಾಯಿ ಮುಚ್ಚಿಸಬೇಕಾದರೆ ಕಾರಣ ಬರೆಯಬೇಕು. ಮೊದಮೊದಲು ಜನ ಒಂದು ಚುಕ್ಕಿ ಒತ್ತಿ ಕೈತೊಳೆದುಕೊಳ್ಳುತ್ತಿದ್ದರು. ಆಮೇಲೆ ಅತ್ತಿಗೆ, ಇಪ್ಪತ್ತು ಅಕ್ಷರಕ್ಕಿಂತ ಕಡಿಮೆ ಬರೆದರೆ ಒಪ್ಪದ ಹಾಗೆ ಮಾಡಿಟ್ಟರು.

"ಸುಳ್ಳು ಹೇಳೋದಾದ್ರೂ ಸ್ವಲ್ಪ ಕಷ್ಟಪಟ್ಟು ಹೇಳ್ಲಿ," ಎಂದಿದ್ದರು.

ಎರಡು ವರ್ಷದ ಹಿಂದೆ ಅವರ ಮೇಲೆ ಹೊಸ ಮುಖ್ಯಸ್ಥರು ಬಂದರು. ಕುಡಿಯುವ ನೀರು ಬರುತ್ತಿಲ್ಲ ಎಂದರೂ ಗೋಡೆಯ ಮೇಲೆ ಸ್ಲೈಡ್ ತೋರಿಸಿ ವಿವರಿಸುವವರು. ನಾವು ಅವರನ್ನು ಸ್ಲೈಡ್ ಸಾಹೇಬರು ಎಂದೇ ಕರೆಯುತ್ತಿದ್ದೆವು. ಅತ್ತಿಗೆಯ ಕಂಪ್ಯೂಟರ್ ಕಂಡರೆ ಅವರಿಗೆ ಅಸಹ್ಯ. "ಏನಮ್ಮಾ ಇದು, ಮನೇಲಿ ಹೊಲಿದ ಅಂಗಿ ಥರ," ಎಂದು ಎಲ್ಲರ ಮುಂದೆ ನಗುತ್ತಿದ್ದರು. ಅಂಗಿ ಎಲ್ಲೂ ಹರಿದಿಲ್ಲ ಎಂಬ ಮಾತು ಅವರಿಗೆ ಬೇಡವಾಗಿತ್ತು.

ಹೋದ ವರ್ಷ ಅತ್ತಿಗೆ ತಮ್ಮ ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಎರಡು ದಿನ ರಜೆ ಹಾಕಿದರು. ಮೊದಲ ದಿನ ಮಧ್ಯಾಹ್ನವೇ ಲ್ಯಾಬ್ ಸರ್ವರಿನ ಡಿಸ್ಕ್ ತುಂಬಿಹೋಯಿತು. ಅಲ್ಲಿಂದ ಮುಂದೆ ಒಂದು ವರದಿಯೂ ಉಳಿಯಲಿಲ್ಲ. ನಮಗೆ ಗೊತ್ತಾದದ್ದು ಮಾರನೆಯ ದಿನ. ನೂರ ನಲವತ್ತು ಜನರನ್ನು ಮತ್ತೆ ಕರೆಸಿ ಮತ್ತೆ ಸೂಜಿ ಚುಚ್ಚಿದೆವು. ನರವೇ ಸಿಗದ ಒಬ್ಬ ಅಜ್ಜಿ ನನ್ನ ಮುಖ ನೋಡಿ, "ಮೊನ್ನೆ ತಗೊಂಡ ರಕ್ತ ಏನ್ ಮಾಡಿದ್ರಮ್ಮಾ?" ಎಂದು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ವಿಚಾರಣೆ ಒಂದೇ ಗಂಟೆಯಲ್ಲಿ ಮುಗಿಯಿತು. ಗಂಟೆ ಹೊಡೆಯಲೇ ಇಲ್ಲ, ವ್ಯವಸ್ಥೆಯೇ ಸರಿಯಿಲ್ಲ ಎಂದು ಸಾಹೇಬರು ತೀರ್ಪು ಕೊಟ್ಟರು. ರಜೆ ಮುಗಿಸಿ ಬಂದ ಅತ್ತಿಗೆಯಿಂದ ಪಾಸ್‌ವರ್ಡ್ ಕಿತ್ತುಕೊಂಡರು. ಕರ್ತವ್ಯಲೋಪ ಎಂಬ ಪತ್ರ ಫೈಲಿಗೆ ಸೇರಿತು. ಅದೇ ತಿಂಗಳು ಬರಬೇಕಿದ್ದ ಬಡ್ತಿ ತಪ್ಪಿಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಚೀಟಿ ಕೊಡುವ ಕಿಟಕಿಯಲ್ಲಿ ಅವರನ್ನು ಕೂರಿಸಿದರು. ಅಣ್ಣ, "ಬಿಟ್ಟಾಕು, ದೇವರು ನೋಡ್ಕೋತಾನೆ," ಎಂದ.

"ದೇವರಿಗೆ ಬೇರೆ ಕೆಲಸ ಇದೆ," ಎಂದರು ಅತ್ತಿಗೆ. "ಇದು ನಂದು. ನನ್ನ ಫೈಲಿಂದ ಆ ಕಾಗದ ಆಚೆ ಬರ್ಬೇಕು. ಅದನ್ನ ಹಾಕ್ದೋರ ಕೈಯಿಂದ್ಲೇ ಬರ್ಬೇಕು."

ನಾಲ್ಕು ತಿಂಗಳ ನಂತರ ಕಾವಲನ್ನು ಹೊರಗಿನ ಕಂಪನಿಯೊಂದರ ಕ್ಲೌಡ್ ಸೇವೆಗೆ ವಹಿಸುವುದೆಂದು ನಿರ್ಧಾರವಾಯಿತು. ಇನ್ನು ಕಂಪ್ಯೂಟರು, ಕೋಣೆ, ಗಂಟೆ ಯಾವುದೂ ಬೇಡ, ಎಲ್ಲವನ್ನೂ ಆ ಕಂಪನಿಯೇ ನೋಡಿಕೊಳ್ಳುತ್ತದೆ. ಆದರೆ ಅತ್ತಿಗೆ ಬರೆದಿಟ್ಟ ಮುನ್ನೂರು ಚಿಲ್ಲರೆ ನಿಯಮಗಳನ್ನು ಅಲ್ಲಿಗೆ ಸಾಗಿಸಬೇಕಲ್ಲ, ಅವುಗಳ ತಲೆಬುಡ ಯಾರಿಗೂ ಅರ್ಥವಾಗಲಿಲ್ಲ. ಅತ್ತಿಗೆಯನ್ನೇ ಮತ್ತೆ ಕರೆದರು. ಸಾಹೇಬರು ಬರಹದಲ್ಲೇ ಆದೇಶ ಕೊಟ್ಟರು: ಇದ್ದದ್ದನ್ನು ಇದ್ದ ಹಾಗೆ ಸಾಗಿಸುವುದು, ಏನನ್ನೂ ಬದಲಿಸಕೂಡದು, ಸ್ವಂತ ಬುದ್ಧಿ ಬೇಡ.

ಎರಡನೇ ದಿನವೇ ಅತ್ತಿಗೆ ನನ್ನನ್ನು ಲ್ಯಾಬಿನಿಂದ ಕರೆದು ಪರದೆ ತೋರಿಸಿದರು. ಲ್ಯಾಬ್ ಸರ್ವರಿನ ಡಿಸ್ಕ್ ಎಚ್ಚರಿಕೆಯನ್ನು ಯಾರೋ ಸುಮ್ಮನಿರಿಸಿದ್ದರು. ಡಿಸ್ಕ್ ತುಂಬಿದ ಅದೇ ದಿನ, ಮಧ್ಯಾಹ್ನ ಮೂರೂ ಹತ್ತಕ್ಕೆ. ರಜೆಯಲ್ಲಿ ಬೇರೆಯವರು ನೋಡಿಕೊಳ್ಳಲೆಂದು ಅತ್ತಿಗೆ ಕಂಪ್ಯೂಟರನ್ನು ತೆರೆದೇ ಬಿಟ್ಟುಹೋಗಿದ್ದರು, ಹಾಗಾಗಿ ಹೆಸರು ಅವರದೇ ಇತ್ತು. ಕಾರಣದ ಜಾಗದಲ್ಲಿ ಮಾತ್ರ ಹೀಗೆ ಬರೆದಿತ್ತು: ಮಂಡಳಿ ಜೊತೆ ನನ್ನ ವಿಡಿಯೋ ಮೀಟಿಂಗ್ ನಡೆಯುತ್ತಿದೆ, ಗಲಾಟೆ ಬೇಡ.

ಆಸ್ಪತ್ರೆಯ ಆಡಳಿತ ಮಂಡಳಿಯ ಜೊತೆ ಮೀಟಿಂಗ್ ಇರುತ್ತಿದ್ದದ್ದು ಸಾಹೇಬರೊಬ್ಬರಿಗೇ. ಗಂಟೆ ಹೊಡೆದಿತ್ತು. ಪಕ್ಕದ ಕೋಣೆಯಲ್ಲಿ ಮೀಟಿಂಗ್ ನಡೆಸುತ್ತಿದ್ದ ಮನುಷ್ಯ ಎದ್ದುಬಂದು, ಅತ್ತಿಗೆಯ ಫೋನಿಗೆ ಹೋಗುವ ಮೊದಲೇ ಅದರ ಬಾಯಿ ಮುಚ್ಚಿಸಿದ್ದ. ಎಲ್ಲಿಯ ತನಕ ಸುಮ್ಮನಿರಬೇಕು ಎಂದು ಪರದೆ ಕೇಳಿದಲ್ಲಿ, ಯಾರಾದರೂ ತೆಗೆಯುವ ತನಕ ಎಂಬುದನ್ನು ಒತ್ತಿದ್ದ. ಆಮೇಲೆ ಯಾರೂ ತೆಗೆದಿರಲಿಲ್ಲ. ವಿಚಾರಣೆಯ ಹೊತ್ತಿಗೆ ಸಾಹೇಬರಿಗೆ ಅದು ನೆನಪಿತ್ತೋ ಇಲ್ಲವೋ ಗೊತ್ತಿಲ್ಲ. ನೆನಪಿತ್ತು ಎಂದೇ ನಾನು ಹೇಳುತ್ತೇನೆ, ಯಾಕೆಂದರೆ ಆ ಮನುಷ್ಯನ ಬಗ್ಗೆ ಒಳ್ಳೆಯದನ್ನು ಯೋಚಿಸಲು ನನಗೆ ಇಷ್ಟವಿಲ್ಲ.

"ನಡೀರಿ ಅತ್ತಿಗೆ, ಈಗ್ಲೇ ನಿರ್ದೇಶಕರಿಗೆ ತೋರ್ಸೋಣ."

"ಬಾಗ್ಲು ಹಾಕ್ಕೊಂಡು ಸಾರಿ ಅಂತಾರೆ. ನಂಗೆ ಬಾಗ್ಲು ತೆಗೆದಿರ್ಬೇಕು." ಅತ್ತಿಗೆ ಪರದೆ ಆರಿಸಿದರು. "ಇದ್ದದ್ದನ್ನ ಇದ್ದ ಹಾಗೆ ಅಂದಿದಾರಲ್ಲ. ಹಾಗೇ ಸಾಗಿಸ್ತೀನಿ. ಇದನ್ನೂ."

ಮೂರು ವಾರ ಅವರು ಕೆಲಸ ಮಾಡಿದ್ದನ್ನು ನೋಡಬೇಕಿತ್ತು. ಒಂದು ನಿಯಮ ತಪ್ಪಲಿಲ್ಲ, ಒಂದು ಸಂಖ್ಯೆ ಆಚೀಚೆಯಾಗಲಿಲ್ಲ. ಸಾಹೇಬರು ಬಂದು ಬೆನ್ನ ಹಿಂದೆ ನಿಂತರೆ, "ಆಗ್ತಾ ಇದೆ ಸಾರ್," ಎಂದು ನಗುತ್ತಲೇ ಹೇಳುವರು. ಮನೆಯಲ್ಲಿ ಮಾತ್ರ ಪಾತ್ರೆ ಉಜ್ಜುವ ಸದ್ದು ಜೋರಾಗಿರುತ್ತಿತ್ತು. ಭಾನುವಾರವೂ ಆಸ್ಪತ್ರೆಗೆ ಹೋಗುತ್ತಿದ್ದರು. ಯಾಕೆಂದು ಕೇಳಿದರೆ, "ಕೆಲ್ಸ ಇದೆ," ಅಷ್ಟೇ.

ಹೊಸ ಸೇವೆಯನ್ನು ಮಂಡಳಿಗೆ ತೋರಿಸುವ ದಿನ ದೊಡ್ಡ ಕೋಣೆಯಲ್ಲಿ ಮೂವತ್ತು ಜನ ಸೇರಿದೆವು. ಅಧ್ಯಕ್ಷೆ ಮುಂದಿನ ಸಾಲಿನಲ್ಲಿದ್ದರು. ಸಾಹೇಬರು ಗೋಡೆಯ ಮೇಲೆ ಮೊದಲ ಪುಟ ತೆರೆದರು. ಇಪ್ಪತ್ತಾರು ಹಸಿರು ಚೌಕ. ಅದರ ಕೆಳಗೆ, ಸುಮ್ಮನಿರಿಸಿದ ಎಚ್ಚರಿಕೆ, ಒಂದು.

"ಅದೇನದು ಒಂದು?" ಎಂದರು ಅಧ್ಯಕ್ಷೆ.

"ನೋಡಿ ಮೇಡಂ, ಅದೇ ಇದರ ವಿಶೇಷ. ಒಂದ್ಸಲ ಒತ್ತಿದ್ರೆ ಸಾಕು, ಯಾರು, ಯಾವಾಗ, ಯಾಕೆ, ಎಲ್ಲಾ ಬರುತ್ತೆ." ಒತ್ತಿದರು. ಎಲ್ಲಾ ಬಂತು. ಆಳೆತ್ತರದ ಅಕ್ಷರಗಳಲ್ಲಿ.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು ಕಾರಣವನ್ನು ಗಟ್ಟಿಯಾಗಿ ಓದಿದರು. ತಾರೀಖನ್ನು ಓದಿದರು. ಆಮೇಲೆ ತಿರುಗಿ, "ಆ ದಿನ ಮೂರು ಗಂಟೆಗೆ ನಮ್ಜೊತೆ ಮೀಟಿಂಗಲ್ಲಿ ಇದ್ದೋರು ನೀವಲ್ವಾ?" ಎಂದು ಕೇಳಿದರು.

"ಹೆಸರು ಅವರದ್ದಿದೆ ಮೇಡಂ," ಎಂದರು ಸಾಹೇಬರು, ಅತ್ತಿಗೆಯ ಕಡೆ ಬೆರಳು ಮಾಡಿ.

"ನಾನು ಆ ದಿನ ರಜೆ," ಎಂದರು ಅತ್ತಿಗೆ ಕೂತಲ್ಲಿಂದಲೇ. "ಮಂಡಳಿಯೋರು ನನ್ನ ಯಾವತ್ತೂ ಮೀಟಿಂಗಿಗೆ ಕರೆದಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನೇ ಇರಬೇಕು. ಸಾಹೇಬರ ಮುಖ ಸುಣ್ಣದ ಗೋಡೆಯಂತಾಯಿತು, ನನಗೆ ಹೊಟ್ಟೆ ತುಂಬ ಉಂಡಷ್ಟು ತೃಪ್ತಿಯಾಯಿತು.

"ಇನ್ನೂ ಸುಮ್ಮನಿದೆ ಅಂತ ತೋರಿಸ್ತಿದೆಯಲ್ಲ," ಅಧ್ಯಕ್ಷೆ ಅತ್ತಿಗೆಯನ್ನೂ ಬಿಡಲಿಲ್ಲ. "ನೀವು ನೋಡಿಯೂ ಹಾಗೇ ಬಿಟ್ರಾ? ಮತ್ತೆ ಡಿಸ್ಕ್ ತುಂಬಿದ್ರೆ?"

ಅತ್ತಿಗೆ ಸಾಹೇಬರ ಆದೇಶದ ಪ್ರತಿಯನ್ನು ಕೊಟ್ಟರು. ಅದರ ಜೊತೆ ಒಂದು ನೋಟ್‌ಬುಕ್. ಮೂರು ವಾರ, ಎರಡು ಗಂಟೆಗೊಮ್ಮೆ, ಲ್ಯಾಬ್ ಸರ್ವರಿನ ಡಿಸ್ಕ್ ಎಷ್ಟು ತುಂಬಿದೆಯೆಂದು ಕೈಯಲ್ಲಿ ಬರೆದಿಟ್ಟಿದ್ದರು. ಮನೆಯಿಂದ ನೋಡಿದ್ದು ಬೇರೆ ಶಾಯಿಯಲ್ಲಿ. ಭಾನುವಾರಗಳೂ ಇದ್ದವು.

"ಸಿಟ್ಟು ನಂದು ಮೇಡಂ," ಎಂದರು. "ರಕ್ತ ಬೇರೆಯೋರದ್ದು."

ಪತ್ರ ರದ್ದಾಯಿತು. ಸಾಹೇಬರೇ ರದ್ದತಿಗೆ ಸಹಿ ಹಾಕಿ, ಫೈಲನ್ನು ತಮ್ಮ ಕೈಯಾರೆ ತಂದು, ಕಾಗದವನ್ನು ಕಿತ್ತು ಅತ್ತಿಗೆಯ ಮುಂದಿಟ್ಟರು. ಮುಂದಿನ ವಾರದಿಂದ ಮುಖ್ಯಸ್ಥರ ಕುರ್ಚಿಯಲ್ಲಿ ಅವರು ಇರಲಿಲ್ಲ. ಅತ್ತಿಗೆ ಮಾತ್ರ ಆ ದಿನ ಪತ್ರ ತೆಗೆದುಕೊಂಡು ಎದ್ದುಬರಲಿಲ್ಲ. ಫೈಲಿನಲ್ಲಿ ಉಳಿದದ್ದನ್ನೆಲ್ಲ ಒಂದೊಂದಾಗಿ ಓದಿದರು. ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ.

ಬಸ್ಸಿನಲ್ಲಿ ಅವರ ಪಕ್ಕ ಕೂತು, "ಈಗ ಸಮಾಧಾನ ಆಯ್ತಾ ಅತ್ತಿಗೆ? ಲೆಕ್ಕ ಎಲ್ಲಾ ತೀರ್ತಲ್ಲ," ಎಂದೆ.

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ವಿಚಾರಣೆ ಹೇಳಿಕೇಲಿ ಎರಡು ಸಹಿ ಇತ್ತು ಕಣೇ," ಎಂದರು.

ನಾನು ಇಲ್ಲಿಯವರೆಗೆ ಒಂದು ಮಾತು ಹೇಳಿಲ್ಲ. ಗಂಟೆ ಹೊಡೆಯಲಿಲ್ಲ ಎಂಬುದಕ್ಕೆ ವಿಚಾರಣೆಯಲ್ಲಿ ಒಬ್ಬ ಸಾಕ್ಷಿ ಬೇಕಾಗಿತ್ತು. ಲ್ಯಾಬಿಗೂ ಆ ಕೋಣೆಗೂ ಒಂದೇ ಗೋಡೆ. ಡಿಸ್ಕ್ ತುಂಬಿದ ಆ ಮಧ್ಯಾಹ್ನ ನಾನು ಕೆಲಸ ಬಿಟ್ಟು ಕೆಳಗೆ ಕ್ಯಾಂಟೀನಿನಲ್ಲಿ ಹರಟುತ್ತಿದ್ದೆ. ಜಾಗದಲ್ಲಿರಲಿಲ್ಲ ಎಂದು ಬರೆದರೆ ನನ್ನ ಕೆಲಸಕ್ಕೇ ಕುತ್ತು. ಲ್ಯಾಬಿನಲ್ಲೇ ಇದ್ದೆ, ಏನೂ ಕೇಳಿಸಲಿಲ್ಲ ಎಂದು ಬರೆದು, ಸಾಹೇಬರ ಸಹಿಯ ಕೆಳಗೆ ನನ್ನದನ್ನೂ ಹಾಕಿಕೊಟ್ಟೆ.

ಬಸ್ಸಿನ ಆ ಸಂಜೆಗೆ ಈಗ ಏಳು ತಿಂಗಳಾಯಿತು. ಅತ್ತಿಗೆ ಆ ಮಾತನ್ನು ಮತ್ತೆ ಎತ್ತಿಲ್ಲ. ಅಣ್ಣನಿಗೂ ಹೇಳಿಲ್ಲ. ಬೆಳಿಗ್ಗೆ ನನ್ನ ಡಬ್ಬಿ ಕಟ್ಟಿಕೊಡುತ್ತಾರೆ, ಬಸ್ಸಿನಲ್ಲಿ ನನಗೂ ಸೀಟು ಹಿಡಿಯುತ್ತಾರೆ, ಕೇಳಿದ್ದಕ್ಕೆಲ್ಲ ನಗುತ್ತಲೇ ಉತ್ತರ ಕೊಡುತ್ತಾರೆ. ಸಾಹೇಬರಿಗೂ ಮೂರು ವಾರ ಹಾಗೇ ನಗುತ್ತಾ ಉತ್ತರ ಕೊಟ್ಟಿದ್ದರು.