ಕಾಕಾ ಹೂಂ ಅಂದ ಮೇಲೆ

ಬಲಗೈ ಹೆಬ್ಬೆರಳಿನ ಉಗುರೊಂದನ್ನು ಮಾತ್ರ ಮಿಸ್ತ್ರಿ ಕಾಕಾ ಕತ್ತರಿಸುತ್ತಿರಲಿಲ್ಲ. ಗ್ರೀಸಿನಿಂದ ಕಪ್ಪಾದ ಆ ಉಗುರನ್ನು ಬ್ರೇಕ್ ಡಿಸ್ಕಿನ ಮೇಲೆ ಮೆಲ್ಲಗೆ ಎಳೆಯುವರು. ಗೀರಿಗೆ ಸಿಕ್ಕಿತೋ, ಸವೆಯದೆ ಉಳಿದ ಅಂಚಿಗೆ ತಡೆಯಿತೋ, ತಲೆ ಅಲ್ಲಾಡಿಸುವರು. ಆಮೇಲೆ ದಪ್ಪ ಅಳೆದು, ಡಿಸ್ಕಿನ ಮೇಲೇ ಕೊರೆದಿರುವ ಕನಿಷ್ಠ ದಪ್ಪದ ಅಂಕಿಗೆ ಹೋಲಿಸಿ ನಮಗೂ ತೋರಿಸುವರು.

ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ಅವರ ಗ್ಯಾರೇಜು. ನಾನು ಧಾರವಾಡದ ಕೆಲಗೇರಿಯಿಂದ ಅಲ್ಲಿಗೇ ಹೋಗುತ್ತಿದ್ದೆ. "ಧಾರವಾಡದಾಗ ಗ್ಯಾರೇಜ್ ಇಲ್ಲೇನ್ರಿ?" ಎಂದು ನನ್ನ ಜೊತೆ ಕಲಿಸುವ ಶಾಲೆಯವರು ಕಾಡಿಸಿದರೆ, "ಗ್ಯಾರೇಜ್ ಅದಾವ್ರಿ, ಮಿಸ್ತ್ರಿ ಕಾಕಾ ಇಲ್ಲ" ಎನ್ನುತ್ತಿದ್ದೆ.

ಅವರದೊಂದು ಪದ್ಧತಿಯಿತ್ತು. ಬ್ರೇಕ್ ಎಣ್ಣೆ ಬದಲಿಸಿ ಪೈಪಿನ ಗಾಳಿ ತೆಗೆಯುವಾಗ ಒಬ್ಬರು ಒಳಗೆ ಕೂತು ಪೆಡಲ್ ಒತ್ತಬೇಕು. ಬೇರೆಡೆ ಯಾರಾದರೂ ಒತ್ತುತ್ತಾರೆ. ಇಲ್ಲಿ ಕಾರು ಓಡಿಸುವವರೇ ಒತ್ತಬೇಕು. ಹತ್ತಿ ವ್ಯಾಪಾರಿಯಾಗಲಿ, ಡಾಕ್ಟರಾಗಲಿ, ವಿನಾಯಿತಿ ಇಲ್ಲ. "ಒತ್ರಿ... ಹಿಡೀರಿ... ಬಿಡ್ರಿ. ಗಟ್ಟಿ ಬ್ರೇಕ್ ಹೆಂಗಿರತೈತಿ ಅಂತ ನಿಮ್ಮ ಕಾಲಿಗೆ ಗೊತ್ತಿರಬೇಕ್ರಿ." ಕೀಲಿ ಅವರ ಅಂಗಿಯ ಜೇಬಿನಲ್ಲಿರುತ್ತಿತ್ತು. ಕೊನೆಗೆ ತಾವೂ ಒಮ್ಮೆ ಒತ್ತಿ ನೋಡಿ "ಹೂಂ" ಅಂದ ಮೇಲೇ ಅದು ಹೊರಗೆ ಬರುವುದು.

ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಒಮ್ಮೆ ಡಬ್ಬಿಯಲ್ಲಿ ಉಳಿದ ಬ್ರೇಕ್ ಎಣ್ಣೆಯನ್ನು ಚೆಲ್ಲಲು ಮನಸ್ಸಾಗದೆ, ತೊಳೆದು ಒಣಗಿಸಿದ ಉಪ್ಪಿನಕಾಯಿ ಬಾಟಲಿಗೆ ತುಂಬಿ ಗೋಡೆಯ ಮಾಡದಲ್ಲಿಟ್ಟೆ. ಎರಡು ಮಳೆಗಾಲ ಕಳೆದ ಮೇಲೆ ಅದನ್ನೇ ಕಾರಿಗೆ ಸುರಿದು, ಅವ್ವನನ್ನು ಕೂಡಿಸಿಕೊಂಡು ಕಾರವಾರಕ್ಕೆ ಹೊರಟೆ. ಘಟ್ಟದ ಅರ್ಧ ಇಳಿಜಾರಿನಲ್ಲಿ ಪೆಡಲ್ ಪೂರ್ತಿ ಒಳಗೆ ಹೋಯಿತು. ಕಾರು ನಿಲ್ಲಲಿಲ್ಲ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆ ಬದಿಯ ಗುಡ್ಡದ ದರೆಗೆ ಉಜ್ಜಿ ನಿಲ್ಲಿಸಿದ ಮೇಲೂ ಅವ್ವ ನನ್ನ ತೋಳು ಬಿಡಲೇ ಇಲ್ಲ.

ಮರುದಿನ ಕಾಕಾ ಆ ಬಾಟಲಿ ತರಿಸಿದರು. ಬೈದಿದ್ದರೆ ಸಾಕಿತ್ತು. ಅವರು ಬೈಯಲಿಲ್ಲ.

"ಅಕ್ಕೋರ, ಉಪ್ಪಿನಕಾಯಿ ವರ್ಷ ಇಟ್ರ ರುಚಿ ಆಗತೈತಿ. ಇದು ಹಂಗಲ್ರಿ. ಮುಚ್ಚಳಾ ತೆಗದ್ರ ಗಾಳ್ಯಾಗಿನ ನೀರ ಹೀರತೈತಿ. ಘಟ್ಟದಾಗ ಬ್ರೇಕ್ ಕಾದಾಗ ಆ ನೀರ ಕುದ್ದು ಆವಿ ಆಗತೈತಿ. ಆವಿ ಒತ್ತಿದ್ರ ಗಾಡಿ ನಿಲ್ಲತೈತೇನ್ರಿ?"

ಆಮೇಲೆ ಎಣ್ಣೆಯ ಟ್ಯಾಂಕಿನ ಮುಚ್ಚಳ ತೋರಿಸಿದರು. "ಯಾವ ಎಣ್ಣಿ ಹಾಕಬೇಕಂತ ಇದರ ಮ್ಯಾಲೆ ಬರದಾರ. ಹುಡುಗರಿಗೆ ಓದಾಕ ಕಲಸ್ತೀರಿ, ನೀವೂ ಒಮ್ಮೆ ಓದ್ರೆಲಾ." ನಾಚಿಕೆಯಿಂದ ಓದಿದೆ. ಅಂದಿನಿಂದ ನಾನು ಅವರ ವಿದ್ಯಾರ್ಥಿನಿ. ಮಿರಿಮಿರಿ ಮಿಂಚುವ ತೂತಿನ ಡಿಸ್ಕು ಹಾಕಿಸಲು ಹೋದಾಗ, "ನೀವು ರೇಸಿಗೆ ಹೊಂಟೀರೋ, ಸಾಲಿಗೋ?" ಎಂದು ನಕ್ಕು ಸಾದಾ ಡಿಸ್ಕೇ ಕೊಡಿಸಿದರು. ನನ್ನ ಉಗುರೂ ಕ್ರಮೇಣ ಗೀರು ಹುಡುಕಲು ಕಲಿಯಿತು.

ಹೋದ ವರ್ಷ ಅವರ ಬಲಗೈಗೆ ಲಕ್ವ ಹೊಡೆಯಿತು. ಒಂದು ದಿನ ಅವರ ಮಗ ಫೋನು ಮಾಡಿದ: "ಅಬ್ಬಾ ನಿಮ್ಮನ್ನ ಕರೀತಾರ್ರಿ." ಹೋದರೆ, ಕಾಕಾನ ಮೊಮ್ಮಗಳ ಕಾರಿನ ಚಕ್ರ ಬಿಚ್ಚಿಟ್ಟಿತ್ತು. ಅವಳು ಹೊಸದಾಗಿ ಓಡಿಸಲು ಕಲಿತಿದ್ದಳು. ಡಿಸ್ಕು ಇನ್ನಷ್ಟು ದಿನ ನಡೆಯುತ್ತದೆಂದು ಮಗನ ವಾದ. ಕುರ್ಚಿಯಲ್ಲಿದ್ದ ಕಾಕಾ, ನೀವೇ ನೋಡಿ ಹೇಳಿ ಎಂಬಂತೆ, ನನಗೆ ಕಣ್ಸನ್ನೆ ಮಾಡಿದರು.

ಉಗುರು ಎಳೆದೆ. ಅಂಚಿಗೆ ಸಿಕ್ಕಿತು. ಅಳೆದರೆ, ಕೊರೆದ ಅಂಕಿಗಿಂತ ತೆಳುವಾಗಿತ್ತು. "ಬದಲಿ ಮಾಡ್ರಿ. ಎರಡೂ ಕಡಿ" ಅಂದೆ. ಮಗ ಹೊಸವನ್ನು ತಂದ. ನನ್ನೆದುರೇ ಹೊಸ ಡಬ್ಬಿ ಒಡೆದು ಎಣ್ಣೆ ಹಾಕಿದ. ಮೊಮ್ಮಗಳು ಒಳಗೆ ಕೂತಳು. ಒತ್ತು, ಹಿಡಿ, ಬಿಡು ಎಂದು ಹೇಳುತ್ತಾ ಹೋದವಳು ನಾನೇ.

ಎಲ್ಲ ಮುಗಿದು ಅವಳು ಕೀಲಿಗೆ ಕೈ ಚಾಚಿದಳು. ಕಾಕಾ ಎಡಗೈಯಿಂದ ಜೇಬು ಮುಚ್ಚಿಕೊಂಡರು. ತೊದಲುತ್ತಲೇ ಹೇಳಿದರು: "ತಡಿ. ಅಕ್ಕೋರ ಹೂಂ ಅನ್ಲಿ."

ನಾನು ಕೂತು ಒತ್ತಿದೆ. ಪೆಡಲ್ ಕಲ್ಲಿನಂತೆ ನಿಂತಿತು. ಹೂಂ ಅಂದೆ. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ.

ತಿಂಗಳೊಳಗೆ ಅವರು ತೀರಿಕೊಂಡರು. ಕೊನೆಯ ದರ್ಶನಕ್ಕೆ ನನ್ನನ್ನು ಕರೆದೊಯ್ಯಲು ಬಂದವಳು ಮೊಮ್ಮಗಳೇ, ಅದೇ ಕಾರಿನಲ್ಲಿ. ಅಳುತ್ತಲೇ ನನ್ನ ಬಾಯಿಂದ ಬಂದದ್ದು, "ಬ್ರೇಕ್ ಹೆಂಗದಾವ?"

"ಗಟ್ಟಿ ಅದಾವ್ರಿ ಅಕ್ಕೋರ," ಎಂದು ಅವಳು ಬಾಗಿಲು ತೆರೆದಳು.