ಜಮಾದಾರರು ಕೇಳಿದ ಹೆಸರು

ಜಮಾದಾರರ ಬಲಗೈಯಲ್ಲಿ ಉಳಿದಿದ್ದದ್ದು ಹೆಬ್ಬೆರಳು, ತೋರುಬೆರಳು ಮಾತ್ರ. ಮಿಕ್ಕ ಮೂರನ್ನು ಸೈನ್ಯದಲ್ಲಿದ್ದಾಗ, ಮೊದಲನೆಯ ಮಹಾಯುದ್ಧದಲ್ಲಿ, ಮೆಸಪೊಟೇಮಿಯಾದಲ್ಲಿ ಬಿಟ್ಟು ಬಂದಿದ್ದರು. ಆ ಎರಡು ಬೆರಳಲ್ಲೇ ನಶ್ಯ ಏರಿಸುತ್ತಿದ್ದರು. ರಿವಾಲ್ವರನ್ನು ಎಡಗೈಯಲ್ಲಿ ಹಿಡಿಯುವುದನ್ನು ಹೊಸದಾಗಿ ಕಲಿತುಕೊಂಡಿದ್ದರು.

ನಾನು ಅವರ ಬಳಿ ಹೋದದ್ದು ಹೆದರಿಕೆಯಿಂದ. ಭದ್ರಾವತಿಯ ಕಬ್ಬಿಣದ ಕುಲುಮೆಗೆ ಇದ್ದಿಲು ಸುಡಿಸುತ್ತಿದ್ದ ಕಂಟ್ರಾಕ್ಟರೊಬ್ಬರಲ್ಲಿ ಕಾಡಿನ ಮೇಸ್ತ್ರಿಯಾಗಿದ್ದೆ. ನನಗಿಂತ ಮೊದಲು ಆ ಕೆಲಸದಲ್ಲಿದ್ದವನನ್ನು ಮರಗಳ್ಳರು ಕಡಿದು ಹಾಕಿದ್ದರು. ಕಂಟ್ರಾಕ್ಟರು ಲೈಸೆನ್ಸ್ ಮಾಡಿಸಿ, ರಿವಾಲ್ವರ್ ಕೊಟ್ಟು, ಶಿವಮೊಗ್ಗದಲ್ಲಿದ್ದ ಜಮಾದಾರರಲ್ಲಿಗೆ ಕಳಿಸಿದರು.

ಊರಾಚೆಯ ಪಾಳು ಕಲ್ಲುಕ್ವಾರಿಯಲ್ಲಿ ಪಾಠ. ಮೊದಲ ತಿಂಗಳು ಗುಂಡನ್ನೇ ಕೊಡಲಿಲ್ಲ. ಸೊಂಟದಿಂದ ತೆಗೆಯುವುದು, ಬೆರಳನ್ನು ಕುದುರೆಗೆ, ಅಂದರೆ ಟ್ರಿಗರಿಗೆ, ತಾಗಿಸದೆ ಗುರಿ ಹಿಡಿಯುವುದು, ಮತ್ತೆ ಸೊಂಟಕ್ಕೆ ಸೇರಿಸುವುದು, ಇಷ್ಟೇ. ಬೇಜಾರಾಗಿ ಗೊಣಗಿದರೆ, ಓಡೋಕೆ ದಾರಿ ಇದ್ರೆ ಮೊದಲು ಓಡು ಎನ್ನುತ್ತಿದ್ದರು.

ಆ ಬೇಸಿಗೆಯ ಒಂದು ಮಧ್ಯಾಹ್ನ ತೇಗದ ದಿಮ್ಮಿಗಳ ನಡುವೆ ಇಬ್ಬರು ಮರಗಳ್ಳರು ನನ್ನನ್ನು ಅಡ್ಡಗಟ್ಟಿದರು. ಹಿಂದೆ ಕಂದಕ. ಕೊಡಲಿ ಎತ್ತಿದವನಿಗೆ ನಿಲ್ಲು ಎಂದು ಎರಡು ಸಲ ಕೂಗಿದೆ. ನಿಲ್ಲಲಿಲ್ಲ. ಕೈ ಕಲಿತದ್ದನ್ನು ಮಾಡಿತು. ಇನ್ನೊಬ್ಬ ಓಡಿಹೋದ. ಬಿದ್ದವನು ನೀರು ಕೇಳಿದ. ನಾನು ತರುವಷ್ಟರಲ್ಲಿ ಸತ್ತಿದ್ದ.

ಕೋರ್ಟಿನಲ್ಲಿ ಬಿಡುಗಡೆಯಾಯಿತು. ಕಂಟ್ರಾಕ್ಟರು ಹಾರ ಹಾಕಿದರು. ಜಮಾದಾರರೂ ಬೆನ್ನು ತಟ್ಟುತ್ತಾರೆಂದು ಅವರ ಮನೆಗೆ ಹೋದೆ. ಅವರು ಎಲ್ಲ ಕೇಳಿಸಿಕೊಂಡು, "ಅವನ ಹೆಸರೇನು?" ಅಂದರು.

ಕೋರ್ಟಿನಲ್ಲಿ ಓದಿದ್ದರು, ನೆನಪಿಲ್ಲ ಎಂದೆ.

"ನಾನು ಕೊಂದೋರಲ್ಲಿ ಒಬ್ಬನ ಹೆಸರೂ ನಂಗೊತ್ತಿಲ್ಲ ಮಾರಾಯ. ಯಾರನ್ನ ಕೇಳೋದು? ನಿಂಗೆ ಕೇಳೋಕೆ ಜನ ಇದಾರೆ. ನಡಿ, ನಾನೂ ಬರ್ತೀನಿ."

ಅವನ ಊರು ಮಾತ್ರ ನೆನಪಿತ್ತು. ಬಸ್ಸಿಳಿದು ಒಂದು ಹರದಾರಿ ನಡೆದೆವು. ಸತ್ತವನ ತಾಯಿ ಗುಡಿಸಲ ಮುಂದೆ ಅಕ್ಕಿ ಕೇರುತ್ತಿದ್ದಳು. ನಾನು ಯಾರೆಂದು ಹೇಳಿದೆ. ಮೊರ ಕೆಳಗಿಟ್ಟಳು. ಮಗನ ಹೆಸರು ಕೇಳಿದೆ.

"ಹನುಮ," ಅಂದಳು. ಆಮೇಲೆ, "ಕೊನೇಲಿ ಏನಾದ್ರೂ ಅಂದ್ನಾ?"

"ನೀರು ಕೇಳಿದ."

"ಕೊಟ್ರಾ?"

ಸುಳ್ಳು ಹೇಳಬೇಕೆನಿಸಿತು. ಜಮಾದಾರರು ನನ್ನ ಮುಖವನ್ನೇ ನೋಡುತ್ತಿದ್ದರು. "ತರೋದ್ರೊಳಗೆ ಹೋಗ್ಬಿಟ್ಟ ಅಮ್ಮ," ಎಂದೆ. ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಿಸಿಲು ಇಳಿಯುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು.

ಎರಡನೆಯ ಮಹಾಯುದ್ಧ ಶುರುವಾದ ವರ್ಷ ಜಮಾದಾರರು ಕ್ಷಯದಿಂದ ತೀರಿಕೊಂಡರು. ಮಕ್ಕಳಿರಲಿಲ್ಲ. ತುಂಗೆಯ ದಡದಲ್ಲಿ ಕೊಳ್ಳಿ ಇಟ್ಟವನು ನಾನೇ. ನಾನು ಬದುಕಿ ಉಳಿದದ್ದು ಅವರ ಪಾಠದಿಂದ; ಆ ಬಾಗಿಲ ಮುಂದೆ ನನ್ನನ್ನು ಒಂಟಿಯಾಗಿ ನಿಲ್ಲಿಸದೆ ಜೊತೆಗೆ ನಿಂತವರೂ ಅವರೇ. ಒಂದು ಕೊಳ್ಳಿಯಿಂದ ತೀರುವ ಋಣವಲ್ಲ ಅದು.