ಹನ್ನೊಂದನೇ ಸಾಲಿನ ಹೊಂಬಕ್ಕ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಂಚಮ್ಮನ ದನಿ ಕೇಳಿದರೆ ಸಾಕು, ಕೈಲಾಂಚದ ಕಡೆಯ ಗೂಡು ಬಂತು ಎಂದು ಜನ ತಿಳಿದುಕೊಳ್ಳುತ್ತಿದ್ದರು. ಅರವತ್ತು ದಾಟಿದ ಗಿಡ್ಡ ಹೆಂಗಸು, ಸೆರಗು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿರುತ್ತಿತ್ತು. ನಲವತ್ತು ವರ್ಷದಿಂದ ಹುಳು ಸಾಕಿ, ಗೂಡು ಬಿಡಿಸಿ, ಮೂಟೆಯೊಂದಿಗೆ ಬಸ್ಸು ಹತ್ತಿ ಬರುತ್ತಿದ್ದವಳು. ಮೂಟೆಗೆ ಜಾಗವಿಲ್ಲ ಎಂದು ಯಾವನಾದರೂ ಹೊಸ ಕಂಡಕ್ಟರು ತಕರಾರು ತೆಗೆದರೆ, "ಹಂಗಾದ್ರೆ ಮೂಟೇನ ಸೀಟಲ್ಲಿ ಕೂರ್ಸಪ್ಪ, ನಾನು ಮ್ಯಾಲೆ ಹತ್ಕತೀನಿ" ಅನ್ನುವಳು. ಬಸ್ಸೆಲ್ಲ ನಗುವಾಗ ಅವನೂ ನಕ್ಕು ಮೂಟೆಯನ್ನು ಒಳಗೆಳೆದುಕೊಳ್ಳುತ್ತಿದ್ದ.

ಈ ಬಾಯಿ, ಈ ಧೈರ್ಯ ಎಲ್ಲ ಅಕ್ಕನಿಂದ ಬಂದದ್ದು ಎಂದು ಕೆಂಚಮ್ಮನೇ ಹೇಳುತ್ತಿದ್ದಳು. ಅಕ್ಕನ ಹೆಸರು ಹೊಂಬಾಳಮ್ಮ. ಮನೆಯಲ್ಲಿ ಹೊಂಬಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ಏಳು ವರ್ಷ ದೊಡ್ಡವಳಾದ ಹೊಂಬಕ್ಕನೇ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಗಂಡುಹುಡುಗರು ಹತ್ತಲು ಹೆದರುವ ಹುಣಸೆಮರದ ತುದಿಗೆ ಹೋಗಿ ಕೂರುವಳು. ಬಾವಿಗೆ ದಡದ ಮೇಲಿಂದಲೇ ಹಾರುವಳು. ಕೋಳಿ ಸಾರೆಂದರೆ ಪ್ರಾಣ. ಸಿಹಿ ಕಂಡರೆ ಆಗದು. ಮದುವೆ ಮನೆಯಲ್ಲಿ ಪಾಯಸ ಬಡಿಸಿದರೆ ಯಾರೂ ನೋಡದಂತೆ ತಂಗಿಯ ಎಲೆಗೆ ಸುರಿದು, ಏನೂ ಗೊತ್ತಿಲ್ಲದವಳ ಹಾಗೆ ಉಪ್ಪಿನಕಾಯಿ ನೆಕ್ಕುತ್ತ ಕೂರುವಳು.

ಎಪ್ಪತ್ತಮೂರನೇ ಇಸವಿಯ ಮಳೆಗಾಲದಲ್ಲಿ ಹೊಂಬಕ್ಕನಿಗೆ ಜ್ವರ ಬಂತು. ಅಪ್ಪ ಮುನಿಯಪ್ಪ ಗಾಡಿ ಕಟ್ಟಿ ರಾಮನಗರದ ಆಸ್ಪತ್ರೆಗೆ ಸೇರಿಸಿದ. ಮೂರನೇ ದಿನಕ್ಕೆ ಅವಳು ಇಲ್ಲವಾದಳು. ಆಗ ಅವಳಿಗೆ ಹತ್ತೊಂಬತ್ತು, ಕೆಂಚಮ್ಮನಿಗೆ ಹನ್ನೆರಡು. ಹೊಳೆ ತುಂಬಿ ಹರಿಯುತ್ತಿತ್ತು, ಗಾಡಿ ದಾಟುವ ಹಾಗಿರಲಿಲ್ಲ. ಆಸ್ಪತ್ರೆಯವರು ಕಾಯುವಂತಿರಲಿಲ್ಲ. ಮುನಿಯಪ್ಪ ಮಗಳನ್ನು ಪೇಟೆಯ ಮುನಿಸಿಪಾಲಿಟಿ ಸ್ಮಶಾನದಲ್ಲಿ ಮಣ್ಣು ಮಾಡಿ, ಎರಡು ದಿನದ ನಂತರ ಖಾಲಿ ಗಾಡಿ ಹೊಡೆದುಕೊಂಡು ಊರಿಗೆ ಬಂದ. ಮಗಳನ್ನು ಗುರುತಿಲ್ಲದ ಜಾಗದಲ್ಲಿ ಬಿಟ್ಟು ಬಂದೆನೆಂಬ ಸಂಕಟಕ್ಕೆ ಆ ಮಾತನ್ನೇ ಎತ್ತುತ್ತಿರಲಿಲ್ಲ. ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಯ ದಿನ ಒಬ್ಬನೇ ಎಡೆ ಕಟ್ಟಿಕೊಂಡು ಹೋಗಿಬರುತ್ತಿದ್ದ. ಹತ್ತು ವರ್ಷದ ಮೇಲೆ ಅವನೂ ಹೋದ. ಆಮೇಲೆ ಹೊಂಬಕ್ಕನ ಜಾಗ ಯಾವುದೆಂದು ಹೇಳುವವರೇ ಉಳಿಯಲಿಲ್ಲ.

ಕೆಂಚಮ್ಮ ಮಾರುಕಟ್ಟೆಗೆ ಹೋಗುವ ಬಸ್ಸು ಆ ಸ್ಮಶಾನದ ಗೋಡೆಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಗೋಡೆ ಬಂದಾಗ ಸೆರಗಿನ ಮರೆಯಲ್ಲಿ ಕೈ ಮುಗಿಯುವಳು. ಊರಲ್ಲಿ ಹಿರಿಯರಿಗೆಲ್ಲ ಎಡೆ ಇಟ್ಟಾಗ, ತನ್ನನ್ನು ಸಾಕಿದವಳೊಬ್ಬಳು ಮಾತ್ರ ಅಲ್ಲೆಲ್ಲೋ ಉಪವಾಸ ಮಲಗಿದ್ದಾಳೆ ಅನ್ನಿಸಿ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಅದೊಂದನ್ನು ಮಾತ್ರ ಅವಳು ಯಾರ ಮುಂದೆಯೂ ನಗುನಗುತ್ತ ಹೇಳಿದ್ದಿಲ್ಲ.

ಹೋದ ವರ್ಷ ಪಿತೃಪಕ್ಷದಲ್ಲಿ ಸೊಸೆ ಸೌಮ್ಯ ಮೊಬೈಲು ಹಿಡಿದುಕೊಂಡು ಹುಳುಮನೆಗೆ ಬಂದಳು. ಹಳೆ ಸ್ಮಶಾನದಲ್ಲಿ ಗಿಡಗಂಟಿ ತೆಗೆಸಿ ಓಡಾಡಲು ದಾರಿ ಮಾಡಿಸುತ್ತಾರಂತೆ, ಗೋರಿಗಳ ಗುರುತು ಇರುವವರು ಬಂದು ಹೇಳಬೇಕಂತೆ ಎಂದು ಓದಿದಳು. ಕೆಂಚಮ್ಮ ಕೈಯಲ್ಲಿದ್ದ ಸೊಪ್ಪನ್ನು ಅಲ್ಲೇ ಹುಳುಗಳ ಮೇಲೆ ಉದುರಿಸಿ ಎದ್ದು ನಿಂತಳು.

ಮಗ ಲೋಕೇಶ ಊಟದ ಹೊತ್ತಿಗೆ ಗೊಣಗಿದ. "ಹೆಂಗಸ್ರು ಯಾರಾದ್ರೂ ಹುಡುಕ್ಕೊಂಡು ಸ್ಮಸಾನಕ್ಕೆ ಹೋದಾರಾ ಅವ್ವ?"

"ಯಾವತ್ತಿದ್ರೂ ಹೋಗಾದೇ ಅಲ್ವೇನ್ಲಾ? ಈಗ್ಲೇ ಒಸಿ ಜಾಗ ನೋಡ್ಕಂಡು ಬತ್ತೀನಿ" ಅಂದಳು ಕೆಂಚಮ್ಮ.

ಸೌಮ್ಯ ತಿರುಗಿ ನಿಂತು ನಗು ತಡೆದುಕೊಂಡಳು.

ಶುಕ್ರವಾರ ಅತ್ತೆ ಸೊಸೆ ಸ್ಕೂಟರಿನಲ್ಲಿ ನಗರಸಭೆ ಆಫೀಸಿಗೆ ಹೋದರು. ರೆಕಾರ್ಡು ರೂಮಿನಲ್ಲಿ ಅಸ್ರಾ ಎಂಬ ಹುಡುಗಿ ಇದ್ದಳು. ಕೆಲಸಕ್ಕೆ ಸೇರಿ ವರ್ಷವಾಗಿತ್ತಷ್ಟೆ. ಅರ್ಧ ಗಂಟೆ ಬೀರು ತಡಕಿ, ಕೆಂಪು ಬಟ್ಟೆಯಲ್ಲಿ ಕಟ್ಟಿದ್ದ ಹಳೆಯ ರಿಜಿಸ್ಟರು ತಂದು ಮೇಜಿನ ಮೇಲಿಟ್ಟಳು.

"ಮುಟ್ಟಿದ್ರೆ ಪುಡಿ ಆಗುತ್ತೆ ಅಜ್ಜಿ. ನಾನೇ ತಿರುಗಿಸ್ತೀನಿ, ನೀವು ಹೆಸರು ಹೇಳಿ."

ಹಾಳೆ ಹಾಳೆಯಾಗಿ ಬೆರಳಾಡಿಸುತ್ತ ಹೋದವಳು ಒಂದು ಕಡೆ ನಿಂತಳು. "ಹೊಂಬಾಳಮ್ಮ. ಮುನಿಯಪ್ಪನ ಮಗಳು. ವಯಸ್ಸು ಹತ್ತೊಂಬತ್ತು. ಹನ್ನೊಂದನೇ ಸಾಲು, ಗೋಡೆ ಕಡೆಯಿಂದ ಎರಡನೇದು."

ಕೆಂಚಮ್ಮ ಮೇಜಿನ ಮೇಲೆ ಬಗ್ಗಿದಳು. ಆ ಹೆಸರನ್ನು ಹೊರಗಿನವರ ಬಾಯಲ್ಲಿ ಕೇಳಿ ಐವತ್ತು ವರ್ಷವಾಗಿತ್ತು.

"ಇನ್ನೊಂದು ಸಲ ಓದವ್ವ."

ಅಸ್ರಾ ಓದಿದಳು.

"ಇನ್ನೊಂದೇ ಸಲ."

ಮೂರನೇ ಸಲ ಅಸ್ರಾ ಗಡಿಬಿಡಿಯಿಲ್ಲದೆ, ಒಂದೊಂದೇ ಅಕ್ಷರ ಬಿಡಿಸಿ ಓದಿದಳು. ಕೆಂಚಮ್ಮ ಅವಳ ಗಲ್ಲ ಸವರಿ, "ನಿಂಗೆ ಒಳ್ಳೇದಾಗ್ಲಿ ಕಣ್ ಮಗ. ಗೂಡಿನ ದುಡ್ಡು ಕೈಗೆ ಬಂದಾಗ್ಲೂ ನಂಗೆ ಇಷ್ಟು ಕುಸಿ ಆಗಿರ್ಲಿಲ್ಲ" ಅಂದಳು.

ಅಮಾವಾಸ್ಯೆಯ ಬೆಳಿಗ್ಗೆ ನಾಟಿ ಕೋಳಿ ಸಾರು, ಮುದ್ದೆ, ಹುಣಸೆಹಣ್ಣು, ಬಾಳೆಎಲೆ ಎಲ್ಲ ಒಂದು ಬುಟ್ಟಿಗೆ ತುಂಬಿದ್ದಾಯಿತು. ಬುಟ್ಟಿಯ ಮೇಲೆ ಒಂದು ಕುಡುಗೋಲು. ಸ್ಮಶಾನದ ಗೇಟಿನಿಂದ ಗೋಡೆಗುಂಟ ಕಾಲುದಾರಿಯಿತ್ತು. ಸೌಮ್ಯ ಸಾಲು ಎಣಿಸುತ್ತ ನಡೆದಳು. ಒಟ್ಟು ಹದಿನಾಲ್ಕು ಸಾಲು. ಹನ್ನೊಂದನೆಯದು ತುದಿಯ ಕಡೆಗಿತ್ತು, ಪಾರ್ಥೇನಿಯಂ ಎದೆಯೆತ್ತರ ಬೆಳೆದು ಗೋರಿಗಳೇ ಕಾಣುತ್ತಿರಲಿಲ್ಲ.

"ನೋಡಿದ್ಯಾ ಸೌಮ್ಯ, ನಮ್ಮಕ್ಕನ್ನ ಯಾವ ಸ್ಥಿತೀಲಿ ಬುಟ್ಟಿದೀವಿ!" ಎಂದು ಕೆಂಚಮ್ಮ ಕುಡುಗೋಲು ಹಿಡಿದು ಕೂತೇಬಿಟ್ಟಳು. ಅಳುತ್ತ ಕೊಯ್ದಳು, ಕೊಯ್ಯುತ್ತ ಮಾತಾಡಿದಳು. ತನ್ನ ಮದುವೆಯಾದದ್ದು, ಗಂಡ ಒಳ್ಳೆಯವನಿದ್ದದ್ದು, ಅವನು ಹೋದದ್ದು, ಸೊಸೆ ಬಂದದ್ದು, ಈ ಸಲದ ಹುಳು ಪೊರೆ ಬಿಟ್ಟು ಮೂರನೇ ಜ್ವರ ಎದ್ದದ್ದು ಎಲ್ಲ ಅಕ್ಕನಿಗೆ ವರದಿ ಒಪ್ಪಿಸಿದಳು. ಮುಕ್ಕಾಲು ಗಂಟೆಯಲ್ಲಿ ಗೋರಿ ಬಯಲಾಯಿತು. ನೀರು ಸುರಿದು ತಲೆಗಲ್ಲನ್ನು ಸೆರಗಿನಿಂದ ಉಜ್ಜಿದರೆ ಅದರ ಮೇಲೆ ಲಿಂಗದ ಗುರುತು, ಕೆಳಗೆ ಅಕ್ಷರ.

ಸೌಮ್ಯ ಬಗ್ಗಿ ಓದಿದಳು. "ಅತ್ತೆ... ಇದು ನೀಲಕಂಠಯ್ಯ ಅಂತ ಐತೆ."

"ಯಾವ ನೀಲಕಂಠಯ್ಯ?"

"ಯಾರೋ ಗೊತ್ತಿಲ್ಲ. ತೀರ್ಕಂಡಿದ್ದು ಅರವತ್ತೊಂಬತ್ತನೇ ಇಸವೀಲಿ."

ಕೆಂಚಮ್ಮ ಕಣ್ಣೊರೆಸಿಕೊಂಡು ಕಲ್ಲನ್ನು ದಿಟ್ಟಿಸಿದಳು. "ಅಲ್ಲ ಕಣವ್ವ, ಒಬ್ಬ ಗಂಡಸಿನ ಮುಂದೆ ಕುಂತು ನಮ್ಮನೆ ಸಮಾಚಾರ ಎಲ್ಲ ಹೇಳ್ಬುಟ್ನಲ್ಲ!"

ಸೌಮ್ಯ ಹೊಟ್ಟೆ ಹಿಡಿದುಕೊಂಡು ನಗುತ್ತ ನೆಲದ ಮೇಲೆ ಕೂತುಬಿಟ್ಟಳು. ಕೆಂಚಮ್ಮನಿಗೂ ನಗು ಬಂತು. ನಗು ನಿಂತ ಮೇಲೆ ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು. ಗೇಟಿಗೆ ಎದುರಿನ ತುದಿಯ ಗೋಡೆಯಲ್ಲಿ ಇಟ್ಟಿಗೆಯಿಂದ ಮುಚ್ಚಿದ ಕಮಾನೊಂದು ಕಂಡಿತು. ನೋಡುತ್ತಿದ್ದ ಹಾಗೆ ಅವಳಿಗೆ ತನ್ನ ಮೊದಮೊದಲ ಮಾರುಕಟ್ಟೆಯ ದಿನಗಳು ನೆನಪಾದವು. ಆಗ ಬಸ್ಸು ಆ ಬದಿಯ ರಸ್ತೆಯಲ್ಲಿ ಹೋಗುತ್ತಿತ್ತು. ಅವಳು ಕೈ ಮುಗಿಯುತ್ತಿದ್ದದ್ದು ಆ ಕಮಾನಿಗೆ.

"ಸೌಮ್ಯ, ಆಗ ಗೇಟಿದ್ದುದ್ದು ಆ ಕಡೆ! ರಸ್ತೆ ತಿರುಗ್ಸಿದ್ ಮ್ಯಾಲೆ ಈ ಗೇಟು ಮಾಡವ್ರೆ. ನಾವು ಹಿಂದ್ ಮುಂದಾಗಿ ಎಣ್ಸಿದೀವಿ ಕಣೇ."

ಸೌಮ್ಯ ಕಮಾನಿನಿಂದ ಮತ್ತೆ ಎಣಿಸಿದಳು. ಆ ಕಡೆಯಿಂದ ಹನ್ನೊಂದನೆಯದೆಂದರೆ ಹೊಸ ಗೇಟಿನಿಂದ ನಾಲ್ಕನೆಯ ಸಾಲು. ಇಬ್ಬರೂ ಬುಟ್ಟಿ ಎತ್ತಿಕೊಂಡು ಅಲ್ಲಿಗೆ ಹೋದರೆ, ಗೋಡೆ ಕಡೆಯಿಂದ ಎರಡನೆಯ ಗೋರಿಯ ಮುಂದೆ ಒಬ್ಬ ಗಂಡಸು, ಒಬ್ಬ ಹೆಂಗಸು ಆಗಲೇ ಎಡೆ ಇಡುತ್ತಿದ್ದರು. ಗೋರಿಗೆ ಹೊಸದಾಗಿ ಸುಣ್ಣ ಬಳಿದಿತ್ತು. ತಲೆಗಲ್ಲಿನ ಮೇಲೆ ಮೂರು ಪಟ್ಟೆ ವಿಭೂತಿ, ಚೆಂಡುಹೂವಿನ ಹಾರ. ಎಲೆಯ ಮೇಲೆ ಹೋಳಿಗೆ, ಕೋಸಂಬರಿ, ಬಟ್ಟಲಿನಲ್ಲಿ ಪಾಯಸ. ಪಕ್ಕದಲ್ಲಿ ಒಂದು ನಶ್ಯದ ಡಬ್ಬಿ.

ಕೆಂಚಮ್ಮ ಕೆಮ್ಮಿದಳು. "ಯಜಮಾನ್ರೇ, ತಪ್ಪು ತಿಳೀಬ್ಯಾಡಿ. ಇದ್ಯಾರ ಗೋರಿ?"

"ನಮ್ಮ ತಾತಂದು ತಾಯಿ" ಎಂದ ಆ ಗಂಡಸು ಎದ್ದು ನಿಂತ. ಪೇಟೆಯಲ್ಲಿ ಪೂಜೆ ಸಾಮಾನಿನ ಗ್ರಂಧಿಗೆ ಅಂಗಡಿ ಇಟ್ಟಿದ್ದ ರುದ್ರಯ್ಯ ಅವನು. ಜೊತೆಗಿದ್ದವಳು ಹೆಂಡತಿ ಉಮಾಮಹೇಶ್ವರಿ. "ಮೂವತ್ತನಾಲ್ಕು ವರ್ಷದಿಂದ ನಡೆಸ್ಕೊಂಡು ಬಂದಿದೀವಿ."

ವಿಭೂತಿ ನೋಡಿ ಕೆಂಚಮ್ಮನಿಗೆ ಆ ಲಿಂಗದ ಗುರುತಿನ ಕಲ್ಲು ನೆನಪಾಯಿತು. "ನಿಮ್ ತಾತನ ಹೆಸ್ರು ನೀಲಕಂಠಯ್ಯನಾ?"

ರುದ್ರಯ್ಯ ಬೆಚ್ಚಿದ. "ನಿಮಗೆ ಹೇಗೆ ಗೊತ್ತು?"

"ಈಗ್ತಾನೆ ಮಾತಾಡ್ಸ್ಕಂಡು ಬಂದೆ. ಅಗೋ, ಅಲ್ಲವ್ರೆ."

ರುದ್ರಯ್ಯನ ಮುಖ ಬಿಳಿಚಿಕೊಂಡಿತು. ಸೌಮ್ಯ ನಡುವೆ ಬಂದು ಮೊಬೈಲಿನಲ್ಲಿ ತೆಗೆದುಕೊಂಡಿದ್ದ ರಿಜಿಸ್ಟರಿನ ಫೋಟೋ ತೋರಿಸಿ, ಮುಚ್ಚಿದ ಕಮಾನು ತೋರಿಸಿ ಬಿಡಿಸಿ ಹೇಳಿದಳು. ನಾಲ್ವರೂ ಸೇರಿ ಆ ತುದಿಗೆ ನಡೆದರು. ತಾತನ ಹೆಸರು ಕಣ್ಣಾರೆ ಓದಿದ ಮೇಲೆ ರುದ್ರಯ್ಯನಿಗೆ ಎಲ್ಲ ಅರ್ಥವಾಯಿತು. ಅವನ ತಂದೆ ವ್ಯಾಪಾರಕ್ಕೆಂದು ಮಾಗಡಿಗೆ ಹೋಗಿ ಬಹಳ ವರ್ಷ ಅಲ್ಲೇ ಇದ್ದು, ತಿರುಗಿ ಬರುವಷ್ಟರಲ್ಲಿ ಗೇಟು ಬದಲಾಗಿತ್ತು. 'ಗೇಟಿಂದ ನಾಲ್ಕನೇ ಸಾಲು, ಗೋಡೆ ಕಡೆಯಿಂದ ಎರಡು' ಎಂಬುದೊಂದೇ ಅವರ ತಲೆಯಲ್ಲಿದ್ದದ್ದು. ಕಣ್ಣಿಗೆ ಪೊರೆ ಬಂದಿತ್ತು. ಕಲ್ಲಿನ ಮೇಲೆ ಅಕ್ಷರವೇ ಇಲ್ಲವಲ್ಲ ಎಂದು ಮಗ ಕೇಳಿದ್ದಕ್ಕೆ, ಸುಣ್ಣ ಬಳಿದು ಬಳಿದು ಮುಚ್ಚಿಹೋಗಿದೆ ಅಂದಿದ್ದರು.

"ನಮ್ಮ ತಾತ ಇಷ್ಟು ವರ್ಷ ಇಲ್ಲಿ ಮುಳ್ಳಲ್ಲಿ ಉಪವಾಸ..." ರುದ್ರಯ್ಯ ಕಲ್ಲನ್ನು ಸವರಿ ಕಣ್ಣೊರೆಸಿಕೊಂಡ.

ಆ ಸಂಕಟ ಕೆಂಚಮ್ಮನಿಗೆ ಹೊಸದಲ್ಲ. ಅವನ ತೋಳು ಹಿಡಿದು ಹೇಳಿದಳು: "ಯಾಕೆ ಉಪವಾಸ? ಏಳೇ ಸಾಲು ತಾನೇ ದೂರ? ಹೋಳಿಗೆ ವಾಸ್ನೆಗೆ ಎದ್ ಹೋಗಿ ಉಂಡ್ಕಂಡು ಬಂದಿರ್ತಾರೆ. ಅದೂ ಅಲ್ದೆ ನಮ್ಮಕ್ಕಂಗೆ ಸಿಹಿ ಆಗ್ತಿರ್ಲಿಲ್ಲ. ಪಾಯ್ಸ ಇಟ್ಟಾಗೆಲ್ಲ ಅವ್ಳೇ ನಿಮ್ ತಾತನ್ನ ಕರ್ದು ಕೊಟ್ಟಿರ್ತಾಳೆ, ಬೇಕಾದ್ರೆ ಬರ್ದುಕೊಡ್ತೀನಿ."

ರುದ್ರಯ್ಯ ಕಣ್ಣೀರಿನ ನಡುವೆಯೇ ನಕ್ಕುಬಿಟ್ಟ.

"ಅದಿರ್ಲಿ, ಆ ನಶ್ಯ ಯಾಕೆ?"

"ತಾತನಿಗೆ ಅಭ್ಯಾಸ ಇತ್ತಮ್ಮ. ವರ್ಷವರ್ಷ ಒಂದು ಡಬ್ಬಿ ಇಡ್ತೀವಿ."

"ಅಯ್ಯೋ ಶಿವ್ನೆ! ನಮ್ಮಕ್ಕ ಮೂವತ್ನಾಲ್ಕು ವರ್ಷದಿಂದ ಸೀನ್ಕಂಡು ಕುಂತವ್ಳಾ!"

ಉಮಾಮಹೇಶ್ವರಿಗೆ ಆಗ ನಗು ಉಕ್ಕಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು, "ನನ್ನ ಕಥೆ ಕೇಳಿ ಇನ್ನು. ಮಾವನೋರ ತಂದೆ ಅಂತ ಮದುವೆ ಆದಾಗಿಂದ ತಲೆ ತುಂಬ ಸೆರಗು ಹೊದ್ದುಕೊಂಡು, ತಲೆ ಎತ್ತದೆ ನಿಂತಿದೀನಿ. ಹತ್ತೊಂಬತ್ತು ವರ್ಷದ ಹುಡುಗಿ ಮುಂದೆ!" ಅಂದಳು. ಆಮೇಲೆ ದನಿ ತಗ್ಗಿಸಿ ಮುಂದುವರಿಸಿದಳು. "ಆದ್ರೆ ಒಂದು ಮಾತಮ್ಮ. ಆರು ವರ್ಷ ನನಗೆ ಮಕ್ಕಳಾಗಿರಲಿಲ್ಲ. ಆ ಗೋರಿ ಮುಂದೇನೇ ಬೇಡ್ಕೊಂಡಿದ್ದೆ. ಮಾರನೇ ವರ್ಷವೇ ನಮ್ಮ ಸ್ಪಂದನಾ ಹುಟ್ಟಿದ್ದು. ಕೇಳಿಸ್ಕೊಂಡೋಳು ನಿಮ್ಮಕ್ಕನೇ ಅಂತಾಯ್ತಲ್ಲ."

ಅಕ್ಕ ಅಲ್ಲೆಲ್ಲೋ ಅನಾಥಳಾಗಿ ಬಿದ್ದಿದ್ದಾಳೆಂದು ಕೆಂಚಮ್ಮ ಕೊರಗುತ್ತಿದ್ದ ವರ್ಷಗಳಲ್ಲೆಲ್ಲ ಅವಳ ಗೋರಿಗೆ ಸುಣ್ಣ ಬಳಿದಿದ್ದರು, ಹೂ ಮುಡಿಸಿದ್ದರು, ಕಷ್ಟ ಹೇಳಿಕೊಳ್ಳಲು ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಉಮಾಮಹೇಶ್ವರಿಯ ಎರಡೂ ಕೈಗಳನ್ನು ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು.

ಎಡೆಯನ್ನು ಎರಡಾಗಿ ಮಾಡಿಕೊಂಡರು. ನೀಲಕಂಠಯ್ಯನ ಮುಂದೆ ಹೋಳಿಗೆ, ಕೋಸಂಬರಿ, ನಶ್ಯದ ಡಬ್ಬಿ. ಕೆಂಚಮ್ಮ ತಂದಿದ್ದ ಬುಟ್ಟಿಯ ಬಾಯಿ ಬಿಚ್ಚಲು ಹಿಂಜರಿದಾಗ ಉಮಾಮಹೇಶ್ವರಿಗೆ ವಾಸನೆಯಿಂದಲೇ ಗೊತ್ತಾಯಿತು. "ನಾವು ತಿನ್ನಲ್ಲ ಅಂತ ನೀವ್ಯಾಕೆ ಸಂಕೋಚ ಪಡ್ತೀರ? ಅವಳಿಗೆ ಇಷ್ಟವಾದದ್ದನ್ನ ಇಡಿ. ನಾವು ತಾತನ ಹತ್ರ ಇರ್ತೀವಿ. ಆದ್ರೆ ಒಂದು ಚಮಚ ಪಾಯಸ ಇಡೋದನ್ನ ಮಾತ್ರ ನನಗೆ ಬಿಡೋಕಾಗಲ್ಲ."

"ಇಡವ್ವ. ನಿನ್ ಕೈಯಿಂದ ಅಂದ್ರೆ ಈಗ ಅವ್ಳಿಗೂ ರೂಢಿ ಆಗಿರ್ತದೆ."

ಹೊಂಬಕ್ಕನ ಮುಂದೆ ಮುದ್ದೆ, ಕೋಳಿ ಸಾರು ಬಡಿಸಿ ಕೆಂಚಮ್ಮ ಕರ್ಪೂರ ಹಚ್ಚಿದಳು. ಮೊದಲಿನ ಗೋರಿಯ ಮುಂದೆ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಮೊದಲಿಂದ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಕಾಗೆಗಳು ಬಂದಿದ್ದವು. ಸಾರಿನ ಎಲೆಗೆ ಒಂದು, ಹೋಳಿಗೆಯ ಎಲೆಗೆ ಮೂರು.

ವಾರದಲ್ಲೇ ರುದ್ರಯ್ಯ ತನ್ನ ಖರ್ಚಿನಲ್ಲಿ ಹೊಂಬಕ್ಕನಿಗೆ ಹೆಸರಿನ ಕಲ್ಲು ಹಾಕಿಸುತ್ತೇನೆಂದ. ಕೆಂಚಮ್ಮ ಒಪ್ಪದೆ, ಅಂಗಡಿಯ ಮುಂದೆಯೇ ನಿಂತು ಜಗಳ ಆಡಿ, ಅರ್ಧರ್ಧಕ್ಕೆ ಒಪ್ಪಿಸಿದಳು. ಬೇಸಿಗೆಯಲ್ಲಿ ನಗರಸಭೆಯ ಕೆಲಸದವರು ದಾರಿ ಮಾಡಲು ಬಂದಾಗ ಎರಡೂ ಗೋರಿಗಳ ಗುರುತನ್ನು ಅಸ್ರಾ ತಾನೇ ಬಂದು ಬರೆದುಕೊಂಡಳು. ಬಂದವಳಿಗೆ ಕೆಂಚಮ್ಮ ತೋಟದ ಹಲಸಿನಹಣ್ಣಿನ ತೊಳೆ ತಿನ್ನಿಸದೆ ಕಳಿಸಲಿಲ್ಲ.

ಈಗ ಗೂಡು ಮಾರಿದ ದಿನ ಕೆಂಚಮ್ಮ ಮಧ್ಯಾಹ್ನದ ಬಸ್ಸನ್ನು ಹಿಡಿಯುವುದಿಲ್ಲ. ಉಮಾಮಹೇಶ್ವರಿಯ ಮನೆಯಲ್ಲಿ ಊಟ ಮಾಡಿ, ಹೊಸ ದಾರಿಯಲ್ಲಿ ಇಬ್ಬರೂ ಒಂದು ಸುತ್ತು ಹೋಗಿ, ಸಂಜೆ ನಾಲ್ಕೂವರೆಯ ಬಸ್ಸಿಗೆ ಹೊರಡುತ್ತಾಳೆ. ಅಷ್ಟು ಹೊತ್ತು ಏನು ಮಾತಾಡುತ್ತಾರೆಂದು ರುದ್ರಯ್ಯ ಒಮ್ಮೆ ಹೆಂಡತಿಯನ್ನು ಕೇಳಿದ.

"ನಿಮ್ಮನ್ನ ಬೈಕೋತೀವಿ" ಅಂದಳು ಉಮಾಮಹೇಶ್ವರಿ.